ಹಳೆಯ ರೈಫಲಿಗೆ ದೊಡ್ಡ ತೋಟಾ

ತಂದೆಯ ಕಾಲದ ರೈಫಲಿನ ನಳಿಗೆ ಕೊರೆಸಿ ದೊಡ್ಡ ತೋಟಾಕ್ಕೆ ಹೊಂದಿಸಬಹುದೇ ಎಂದು ಕೆಲವು ಸದಸ್ಯರು ನಮ್ಮನ್ನು ಕೇಳಿದ್ದಾರೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ನರ (1910–1974) .405 ವಿಂಚೆಸ್ಟರನ್ನು ನೆನೆದು ಆಸೆಪಡುವವರೂ ಉಂಟು. ಆ 1895ನೇ ಮಾದರಿಯ ಲಿವರ್ ರೈಫಲ್ ಆ ತೋಟಾಕ್ಕೆಂದೇ ಕಾರ್ಖಾನೆಯಲ್ಲಿ ತಯಾರಾದದ್ದು. ಕೊರೆದ ನಳಿಗೆಯ ಗೋಡೆ ತೆಳುವಾಗುತ್ತದೆ. ಹೊಸ ತೋಟಾದ ಒತ್ತಡ ತಾಳದೆ ಹಳೆಯ ಬೋಲ್ಟು ಮುಖದ ಮುಂದೆಯೇ ಸಿಡಿಯಬಹುದು. ಊರ ಕಮ್ಮಾರ ಇದನ್ನು ಪರೀಕ್ಷಿಸಿ ಕೊಡಲಾರ. ಮೇಲಾಗಿ 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಲೈಸೆನ್ಸಿಲ್ಲದೆ ಬಂದೂಕು ಮಾರ್ಪಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸಜೆ. ಬೆಳೆ ಕಾಯಲು ಕಾಯ್ದೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ರೈಫಲನ್ನಲ್ಲ. ನಮ್ಮ ಮನೆಯ ಹಳೆಯ ರೈಫಲನ್ನು ನಾವು ಇದ್ದಂತೆಯೇ ಇಟ್ಟಿದ್ದೇವೆ.