ಮೆಟಾವರ್ಸ್‌ನಲ್ಲಿ ಸಂಗೀತ: ಕೇಳಬಹುದು, ಕೂಡಿ ಹಾಡಬಹುದೇ?



ಹೊರ ಊರುಗಳಲ್ಲಿ, ಹೊರದೇಶಗಳಲ್ಲಿ ಇರುವ ಮಕ್ಕಳು ಮೊಮ್ಮಕ್ಕಳನ್ನು ಸೇರಿಸಿಕೊಂಡು ಮೆಟಾವರ್ಸ್‌ನಲ್ಲಿ ಒಂದು ಕನ್ನಡ ಹಾಡಿನ ಕೂಟ ನಡೆಸಬಾರದೇಕೆ ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ.

ಏನಿದು?

ಮೆಟಾವರ್ಸ್ ಎಂದರೆ ಕಂಪ್ಯೂಟರ್ ಕಟ್ಟಿದ ಊರು. ಅದರೊಳಗೆ ನಮ್ಮ ಬದಲು ಒಂದು ಬೊಂಬೆ ಓಡಾಡುತ್ತದೆ; ಅದನ್ನು ‘ಅವತಾರ್’ ಎನ್ನುತ್ತಾರೆ. ಕಣ್ಣಿಗೆ ಕಟ್ಟುವ ಹೆಡ್‌ಸೆಟ್ ಇರಲೇಬೇಕೆಂದಿಲ್ಲ. ರೋಬ್ಲಾಕ್ಸ್‌ನಂಥವು ಮೊಬೈಲ್‌ನಲ್ಲೇ ತೆರೆಯುತ್ತವೆ.

ಸಂಗೀತ ಇಲ್ಲಿಗೆ ಬಂದು ಬಹಳ ಕಾಲವಾಯಿತು. ಗಾಯಕಿ ಸುಜಾನ್ ವೇಗಾ 2006ರಲ್ಲೇ ‘ಸೆಕೆಂಡ್ ಲೈಫ್’ ಎಂಬ ಲೋಕದಲ್ಲಿ ಹಾಡಿದ್ದರು. 2020ರ ಏಪ್ರಿಲ್‌ನಲ್ಲಿ ‘ಫೋರ್ಟ್‌ನೈಟ್’ ಆಟದೊಳಗೆ ಟ್ರಾವಿಸ್ ಸ್ಕಾಟ್ ಅವರ ಕಾರ್ಯಕ್ರಮವನ್ನು ಏಕಕಾಲಕ್ಕೆ 1.23 ಕೋಟಿ ಜನ ನೋಡಿದರೆಂದು ಆ ಕಂಪನಿ ಹೇಳಿತು. ನಮ್ಮ ದೇಶದಲ್ಲಿ 2022ರ ಗಣರಾಜ್ಯೋತ್ಸವದಂದು ದಲೇರ್ ಮೆಹಂದಿ ‘ಪಾರ್ಟಿನೈಟ್’ನಲ್ಲಿ ಹಾಡಿದರು. ಮರುತಿಂಗಳೇ ನಮ್ಮ ಗಡಿಜಿಲ್ಲೆ ಕೃಷ್ಣಗಿರಿಯ ಶಿವಲಿಂಗಪುರದಲ್ಲಿ ಮದುವೆಯಾದ ಜೋಡಿಯೊಂದು ಆರತಕ್ಷತೆಯನ್ನು ಮೆಟಾವರ್ಸ್‌ನಲ್ಲೇ ಇಟ್ಟುಕೊಂಡಿತ್ತು.

ಕೂಡಿ ಹಾಡುವುದು ಏಕೆ ಕಷ್ಟ?

ಫೋರ್ಟ್‌ನೈಟ್‌ನ ಆ ಕಾರ್ಯಕ್ರಮ ಮೊದಲೇ ಸಿದ್ಧಪಡಿಸಿದ್ದು. ಕೋಟಿ ಜನ ಒಂದೇ ಬಯಲಲ್ಲಿ ನಿಂತಿರಲಿಲ್ಲ. ಚಿಕ್ಕ ಚಿಕ್ಕ ಗುಂಪುಗಳಿಗೆ ಅದೇ ಪ್ರದರ್ಶನದ ಪ್ರತಿಗಳು ಕಾಣಿಸಿದವು. ಕೇಳಲು ಅಷ್ಟು ಸಾಕು. ಭಜನೆಗೆ ಸಾಲದು.

ದನಿ ಗಾಳಿಯಲ್ಲಿ ಹತ್ತು ಮೀಟರ್ ಸಾಗಲು ಸುಮಾರು 29 ಮಿಲಿಸೆಕೆಂಡ್ ಬೇಕು. ದೊಡ್ಡ ಹಜಾರದ ಎರಡು ತುದಿಯಲ್ಲಿ ಕುಳಿತವರು ತಾಳ ಹಿಡಿಯಲು ಒದ್ದಾಡುವುದು ಇದಕ್ಕೇ. ಇಂಟರ್‌ನೆಟ್‌ನಲ್ಲಿ ನಮ್ಮ ದನಿ ಇನ್ನೊಂದು ಊರು ಮುಟ್ಟುವಾಗ ತಡ ಇದರ ಹಲವು ಪಟ್ಟು ಆಗುವುದುಂಟು. ಎಲ್ಲರೂ ಮೈಕ್ ತೆರೆದು ಹಾಡಿದರೆ ಒಬ್ಬರು ಪಲ್ಲವಿ ಮುಗಿಸುವಾಗ ಇನ್ನೊಬ್ಬರು ಹಿಂದೆಯೇ ಉಳಿದಿರುತ್ತಾರೆ.

ಇದಕ್ಕೆ ಸುಲಭ ಉಪಾಯವಿದೆ. ಒಬ್ಬರು ಮಾತ್ರ ಮೈಕ್ ತೆರೆದು ಹಾಡಲಿ. ಉಳಿದವರು ಮೈಕ್ ಮುಚ್ಚಿ ತಮ್ಮ ಮನೆಯಲ್ಲಿ ದನಿಗೂಡಿಸಲಿ. ಅವರವರ ಕಿವಿಗೆ ತಾಳ ಸರಿಯಾಗಿಯೇ ಕೇಳುತ್ತದೆ. ಆಮೇಲೆ ಸರದಿ ಬದಲಾಗಲಿ. ಜೂಮ್‌ನಂಥವು ಶ್ರುತಿಪೆಟ್ಟಿಗೆಯ ನಾದವನ್ನು ಗದ್ದಲವೆಂದು ಅಳಿಸಿಬಿಡುತ್ತವೆ. ಅದಕ್ಕಾಗಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ಒತ್ತಬೇಕು.

ಎಚ್ಚರಿಕೆ

ಈ ಲೋಕಗಳಲ್ಲಿ ಬೊಂಬೆಗೆ ಉಡುಪು ಕೊಳ್ಳಲು ನಿಜವಾದ ದುಡ್ಡು ಹೋಗುತ್ತದೆ. ಮಕ್ಕಳ ಕೈಗೆ ಫೋನ್ ಕೊಡುವಾಗ ಹಣ ಪಾವತಿಯ ದಾರಿಗೆ ಬೀಗ ಹಾಕಿರಿ. ಅಪರಿಚಿತರೊಂದಿಗೆ ಮಾತಾಡುವ ಸೌಲಭ್ಯವನ್ನೂ ನೋಡಿಕೊಳ್ಳಿರಿ.

ಇನ್ನೊಂದು ಮಾತು. ಅಲ್ಲಿನ ಸಭಾಂಗಣ ನಮ್ಮದಲ್ಲ. ಮೈಕ್ರೋಸಾಫ್ಟ್‌ನ ‘ಆಲ್ಟ್‌ಸ್ಪೇಸ್’ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಮೊಜಿಲ್ಲಾ ಸಂಸ್ಥೆ ತನ್ನ ‘ಹಬ್ಸ್’ ಸೇವೆಯನ್ನು 2024ರ ಮೇ 31ಕ್ಕೆ ನಿಲ್ಲಿಸಿತು. ಜನ ಆಸೆಯಿಂದ ಕಟ್ಟಿಕೊಂಡ ಕೋಣೆಗಳಿಗೂ ಬಾಗಿಲು ಬಿತ್ತು.

ನಾವೇನು ಮಾಡಬಹುದು?

ನೆಗಮಂನ ನೇಕಾರ ದೇವಾಂಗ ಮನೆಗಳಲ್ಲಿ ಆಡುವ ಮಾತು ಕನ್ನಡ, ಓದು ಬರಹ ತಮಿಳು. ಅಜ್ಜಿಯರ ಶೋಭಾನೆ, ಲಾಲಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅವರ ನಾಲಗೆಯ ಮೇಲೆ ಮಾತ್ರ ಇವೆ. ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮನೆಗಳಲ್ಲಿ ಅವನ್ನು ಕೂತು ಕೇಳುವವರೂ ಕಡಿಮೆ. ಹೊಸೂರು, ತಾಳವಾಡಿ, ಕಾಸರಗೋಡಿನ ಸದಸ್ಯರು ತಮ್ಮ ಮನೆಗಳ ಸ್ಥಿತಿಯನ್ನು ಹೋಲಿಸಿ ನೋಡಿಕೊಳ್ಳಲಿ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮೊದಲು ರೆಕಾರ್ಡಿಂಗ್, ಆಮೇಲೆ ಮೆಟಾವರ್ಸ್. ಫ್ಯಾನ್ ನಿಲ್ಲಿಸಿ, ಫೋನನ್ನು ಒಂದು ಮೊಳ ದೂರದಲ್ಲಿಟ್ಟು, ಹಾಡುವವರ ಒಪ್ಪಿಗೆ ಪಡೆದು ಹಾಡನ್ನು ಹಿಡಿದಿಡಿರಿ. ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಎಂಬುದನ್ನು ಬರೆದಿಡಿರಿ. ಕನ್ನಡ ಲಿಪಿ ಬಾರದವರು ತಮಿಳಿನಲ್ಲೇ ಬರೆಯಲಿ, ಪರವಾಗಿಲ್ಲ. ಎರಡು ಕಡೆ ಪ್ರತಿ ಇರಲಿ. ಈ ಕೆಲಸ ಮುಗಿದಿದ್ದರೆ ಯಾವ ಲೋಕ ತೆರೆದರೂ, ಯಾವುದು ಮುಚ್ಚಿದರೂ ನಮಗೆ ನಷ್ಟವಿಲ್ಲ. ಮೊಮ್ಮಕ್ಕಳು ಅಲ್ಲೊಂದು ಜಗಲಿ ಕಟ್ಟಿ ಅಜ್ಜಿಯ ದನಿಯನ್ನು ಕೇಳಿಸಿದರೆ ಅದಕ್ಕಿಂತ ಸಂತೋಷ ಬೇರೇನಿದೆ?

ಹಾಡು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮುಂದಿನ ಸಭೆಯಲ್ಲಿ ದಯವಿಟ್ಟು ತಿಳಿಸಿರಿ. ಅವರು ಬರಲಾರದಿದ್ದರೆ ನಾವೇ ಅವರ ಮನೆಗೆ ಬರುತ್ತೇವೆ.

– ಕಾರ್ಯದರ್ಶಿ