ಕರಿಬೇವಿನ ಗಿಡವೇ ಪಾಠಶಾಲೆ

‘ಚಿಟ್ಟೆಯ ಜೀವನಚಕ್ರದ ಹಂತಗಳನ್ನು ಹೆಸರಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಥಟ್ಟನೆ ಬರೆಯುತ್ತಾರೆ: ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢಕೀಟ. ಅಂಕಗಳೂ ಸಿಗುತ್ತವೆ. ಆದರೆ ಅದೇ ಲಾರ್ವಾ ಹಿತ್ತಲಿನ ಕರಿಬೇವು ಮೇಯುವುದು ಕಂಡರೆ ಮನೆಯವರು ಮೊದಲು ಹುಡುಕುವುದು ಕೀಟನಾಶಕದ ಡಬ್ಬಿಯನ್ನು!

ಮೈಸೂರಿನ ಜಯಲಕ್ಷ್ಮಿಪುರಂನಂಥ ಬಡಾವಣೆಯಲ್ಲಿ ಜೀವಶಾಸ್ತ್ರ ಕಲಿಯಲು ದೂರ ಹೋಗಬೇಕಿಲ್ಲ. ನಿಂಬೆ ಚಿಟ್ಟೆ ನಿಂಬೆ, ಕರಿಬೇವಿನ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಥೇಟ್ ಹಕ್ಕಿಯ ಹಿಕ್ಕೆಯಂತಿರುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ಬೆಳೆದಂತೆ ವೇಷ ಬದಲಾಗಿ ಎಲೆಯಷ್ಟೇ ಹಸಿರಾಗುತ್ತದೆ. ಮೆಲ್ಲಗೆ ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಚಾಚಿ ಘಾಟು ವಾಸನೆ ಬೀರುತ್ತದೆ. ಇರುವೆಯಂಥ ಶತ್ರುಗಳಿಗೆ ಇದು ಎಚ್ಚರಿಕೆ.

ಇಷ್ಟೆಲ್ಲ ಉಪಾಯವಿದ್ದರೂ ಚಿಟ್ಟೆಯಾಗುವವು ಕೆಲವೇ. ಕೆಲವೊಮ್ಮೆ ಕಾದು ಕುಳಿತ ಮಗುವಿನ ಎದುರು ಪ್ಯೂಪಾದಿಂದ ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬರಬಹುದು. ಪರಾವಲಂಬಿ ಕಣಜ ಅದರೊಳಗೇ ಮೊಟ್ಟೆ ಇಟ್ಟಿರುತ್ತದೆ. ಆಗ ಮಗು ಅತ್ತರೆ ಗದರಬೇಡಿ. ಒಂದರ ಸಾವು ಇನ್ನೊಂದರ ಬದುಕು ಎಂಬುದನ್ನು ಯಾವ ಪಠ್ಯವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಭಾನುವಾರ ಬೆಳಿಗ್ಗೆ ಹತ್ತಿರದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದರೆ ಮುಂದಿನ ಪಾಠ ಸಿದ್ಧ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣವಾದ ಕೆರೆಯಿದು. ಒಂದೇ ನೀರು, ಊಟದ ದಾರಿ ಮಾತ್ರ ಬೇರೆ ಬೇರೆ. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲದಲ್ಲಿ ನೀರಿನ ಸಮೇತ ಮೀನು ಮೊಗೆಯುತ್ತದೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದೊಡನೆ ಗಪ್ಪನೆ ಮುಚ್ಚುತ್ತದೆ. ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುವುದೇಕೆ? ಅದರ ಗರಿಗಳು ಬಾತಿನ ಗರಿಗಳಂತಲ್ಲ, ನೆನೆಯುತ್ತವೆ. ನೆನೆದ ಗರಿ ಮುಳುಗಲು ಅನುಕೂಲ, ಮೇಲೆ ಬಂದಮೇಲೆ ಒಣಗಿಸುವ ಕೆಲಸ.

1892ರಲ್ಲಿ ಆರಂಭವಾದ ಮೈಸೂರು ಮೃಗಾಲಯವೂ ಊರಿನಲ್ಲೇ ಇದೆ. ಆದರೆ ದಿನವೂ ನೋಡಲು ಸಿಗುವುದು ಹಿತ್ತಲು. ಪೋಷಕರು ಮಾಡಬೇಕಾದುದು ಇಷ್ಟೇ: ಕರಿಬೇವಿನ ಒಂದು ಕೊಂಬೆಯನ್ನು ಹುಳುವಿಗೆ ಬಿಟ್ಟುಕೊಡಿ. ಸಾಂಬಾರಿನ ಒಗ್ಗರಣೆಗೆ ಉಳಿದ ಕೊಂಬೆಗಳು ಸಾಕು. ಮಗುವಿನ ಕೈಗೊಂದು ನೋಟ್‌ಬುಕ್ ಕೊಟ್ಟು ದಿನಾಂಕ, ಬಣ್ಣ, ಉದ್ದ ಬರೆಸಿ. ಕೋಶ ಒಡೆದು ಹೊರಬಂದ ಚಿಟ್ಟೆಯ ಮುದುಡಿದ ರೆಕ್ಕೆಯನ್ನು ಬಿಡಿಸಲು ಹೋಗದಂತೆ ಮಾತ್ರ ನೋಡಿಕೊಳ್ಳಿ. ಅದು ತಾನಾಗಿಯೇ ಅರಳಬೇಕು.