ಪಾದೂರಿನ ಬಂಡೆಯಡಿಯ ಒಂಬತ್ತೂವರೆ ದಿನ

ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು ನಿರ್ಮಿಸಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುತ್ತದೆ. ಒಳಗೆ ಉಕ್ಕಿನ ಹೊದಿಕೆಯಿಲ್ಲ. ಸುತ್ತಲ ಬಂಡೆಯ ಬಿರುಕುಗಳಲ್ಲಿ ತುಂಬಿದ ನೀರಿನ ಒತ್ತಡವೇ ತೈಲ ಸೋರದಂತೆ ತಡೆಯುತ್ತದೆ. ಮಂಗಳೂರಿನ 15 ಲಕ್ಷ ಹಾಗೂ ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿದರೆ ಒಟ್ಟು 53.3 ಲಕ್ಷ ಟನ್. ಎಲ್ಲವೂ ಭರ್ತಿಯಾಗಿದ್ದರೂ ದೇಶಕ್ಕೆ ಅದು ಸಾಲುವುದು ಸುಮಾರು ಒಂಬತ್ತೂವರೆ ದಿನಗಳಿಗೆ ಎಂಬುದು ಸರ್ಕಾರದ್ದೇ ಲೆಕ್ಕ.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ನಾನು ತಾಲ್ಲೂಕೊಂದರಲ್ಲಿ ಪಡಿತರ ನೋಡಿಕೊಳ್ಳುತ್ತಿದ್ದ ಕಿರಿಯ ಅಧಿಕಾರಿ. ನಸುಕಿನಲ್ಲೇ ಸೀಮೆಎಣ್ಣೆ ಡಬ್ಬಗಳನ್ನು ಸಾಲಾಗಿಟ್ಟು ಕಾಯುತ್ತಿದ್ದ ಹೆಂಗಸರಿಗೆ ಹೇಳಲು ನನ್ನ ಅರ್ಥಶಾಸ್ತ್ರದ ಎಂ.ಎ. ಪದವಿಯ ಬಳಿ ಏನೂ ಇರಲಿಲ್ಲ. ಮರುವರ್ಷ ದೇಶ ಚಿನ್ನವನ್ನೇ ಅಡವಿಡಬೇಕಾಯಿತು. ತೈಲದ ಬೆಲೆಯೇರಿಕೆಯೂ ಅದಕ್ಕೊಂದು ಕಾರಣ.

ಶ್ರೀಮಂತ ರಾಷ್ಟ್ರಗಳು ಈ ಪಾಠವನ್ನು ನಮಗಿಂತ ಮೊದಲೇ ಕಲಿತಿದ್ದವು. 1973ರ ತೈಲ ನಿರ್ಬಂಧದ ಮರುವರ್ಷವೇ ಅವು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯನ್ನು ಕಟ್ಟಿಕೊಂಡವು. ತೈಲ ಆಮದು ಮಾಡಿಕೊಳ್ಳುವ ಸದಸ್ಯ ರಾಷ್ಟ್ರ 90 ದಿನಗಳ ನಿವ್ವಳ ಆಮದಿನಷ್ಟು ದಾಸ್ತಾನು ಇಟ್ಟುಕೊಳ್ಳಬೇಕು. ಬಿಕ್ಕಟ್ಟಿನಲ್ಲಿ ಎಲ್ಲರೂ ಕೂಡಿ ಅದನ್ನು ಬಿಡುಗಡೆ ಮಾಡಬೇಕು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಎರಡು ನಿರ್ಣಯಗಳಲ್ಲಿ 18 ಕೋಟಿಗೂ ಹೆಚ್ಚು ಬ್ಯಾರೆಲ್ ಹೊರಬಂತು. ಭಾರತ 2017ರಿಂದ ಸಹಸದಸ್ಯ. 2023ರಲ್ಲಿ ಪೂರ್ಣ ಸದಸ್ಯತ್ವ ಕೋರಿತು. 2024ರ ಫೆಬ್ರುವರಿಯಲ್ಲಿ ಮಾತುಕತೆಗೆ ಒಪ್ಪಿಗೆ ದೊರೆಯಿತು. ಆದರೆ ಮೂಲ ಒಪ್ಪಂದದ ಪ್ರಕಾರ ಪೂರ್ಣ ಸದಸ್ಯತ್ವ ಒಇಸಿಡಿ ರಾಷ್ಟ್ರಗಳಿಗೆ ಮಾತ್ರ. ನಾವು ಆ ಕೂಟದಲ್ಲಿಲ್ಲ.

ಹೊರಗಿನವರ ಕಟ್ಟುಪಾಡು ನಮಗೇಕೆ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಆ ಕಟ್ಟುಪಾಡೇ ಲಾಭ. ತೈಲ ಕಂಪನಿಗಳ ದಾಸ್ತಾನೂ ಸೇರಿದರೆ 74 ದಿನ ಎಂದು ಸರ್ಕಾರ ಸಂಸತ್ತಿಗೆ ಹೇಳಿದೆ. ಸಂಸ್ಥೆಯ ಲೆಕ್ಕದಲ್ಲಿ ಟ್ಯಾಂಕಿನ ತಳದಲ್ಲಿ ಉಳಿಯುವ, ಎತ್ತಲಾಗದ ತೈಲಕ್ಕೆಂದು ಶೇ 10ರಷ್ಟು ಕಳೆಯುತ್ತಾರೆ. ಇಂಥ ನಿಷ್ಠುರ ಲೆಕ್ಕ ನಮ್ಮ ಕಚೇರಿಗಳಿಗೆ ತಾನಾಗಿ ಬರುವುದಲ್ಲ.

ದಾಸ್ತಾನಿನಲ್ಲಿ ಹೂಡಿದ ಹಣ ಸತ್ತ ಬಂಡವಾಳವೆಂಬ ವಾದವೂ ಪೂರ್ಣ ಸತ್ಯವಲ್ಲ. 2020ರಲ್ಲಿ ಬೆಲೆ ಕುಸಿದಾಗ ಗುಹೆಗಳನ್ನು ತುಂಬಿಸಿ ಸುಮಾರು 5,000 ಕೋಟಿ ರೂಪಾಯಿ ಉಳಿಸಿದ್ದಾಗಿ ಸರ್ಕಾರವೇ ಹೇಳಿತ್ತು. ಮಂಗಳೂರಿನಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿ 2018ರಿಂದ ತನ್ನದೇ ತೈಲ ತಂದಿರಿಸಿತು. ತುರ್ತಿನಲ್ಲಿ ಅದರ ಮೇಲೆ ಮೊದಲ ಹಕ್ಕು ಭಾರತದ್ದು. ನಮ್ಮ ಗುಹೆ, ಅವರ ಬಂಡವಾಳ. ಇಂಥ ಒಪ್ಪಂದ ಇನ್ನಷ್ಟು ಬೇಕು.

ಅದಕ್ಕೆ ಜಾಗವೂ ಬೇಕಲ್ಲ! ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ, ಪಾದೂರಿನಲ್ಲೇ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿಗೆ ಕೇಂದ್ರ ಸಂಪುಟ 2018ರಲ್ಲಿ ಒಪ್ಪಿತು. 2024 ಮುಗಿದಾಗಲೂ ಅಲ್ಲಿ ಒಂದು ಬ್ಯಾರೆಲ್ ಇಳಿದಿರಲಿಲ್ಲ. ಭೂಸ್ವಾಧೀನದ ಕಡತಗಳು ಹೇಗೆ ತೆವಳುತ್ತವೆಂಬುದು ನನಗೆ ಚೆನ್ನಾಗಿ ಗೊತ್ತು. ಪ್ಯಾರಿಸ್ಸಿನ ಮಾತುಕತೆ ಮುಗಿಯುವವರೆಗೆ ಕಾಯದೆ, ಜಮೀನು ಬಿಟ್ಟುಕೊಡುವ ಪಾದೂರಿನ ರೈತರಿಗೆ ತಕ್ಕ ಪರಿಹಾರವನ್ನು ಕೈಗಿತ್ತು ಕೆಲಸ ಆರಂಭಿಸಬೇಕು.